ಕೋಡಿಯ ಕೆಳಗೆ

2019ರಲ್ಲಿ ಒಂದು ಬೆಳಿಗ್ಗೆ ಊರಿನಿಂದ ಅಮ್ಮ ಫೋನ್ ಮಾಡಿದರು. ನಮ್ಮದು ಕೋಲಾರದ ಕಡೆ. ಅಮ್ಮನ ಫೋನ್ ಅಂದರೆ ಮೊದಲ ಮಾತು ತಿಂಡಿ ಆಯ್ತಾ ಅಂತ. ಅವತ್ತು ಅದನ್ನು ಕೇಳಲಿಲ್ಲ. "ನಿಮ್ಮೂರ ನೀರು ನಮ್ಮ ಕೆರೆಗೆ ಬಂತಮ್ಮ" ಅಂದರು.

ನಮ್ಮೂರಿನ ಕೆರೆ ತುಂಬಿದ್ದನ್ನು ನಾನು ನೋಡಿದ್ದು ಚಿಕ್ಕವಳಿದ್ದಾಗ. ಆಮೇಲೆ ಅದು ಕೆರೆ ಅನ್ನುವುದಕ್ಕೆ ಉಳಿದ ಗುರುತು ಏರಿ ಮತ್ತು ತೂಬು ಮಾತ್ರ. ಒಳಗೆಲ್ಲ ಬಳ್ಳಾರಿ ಜಾಲಿ. ಹುಡುಗರು ಮಧ್ಯದಲ್ಲಿ ಸ್ವಲ್ಪ ಜಾಗ ಬಿಡಿಸಿಕೊಂಡು ಕ್ರಿಕೆಟ್ ಆಡುತ್ತಿದ್ದರು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ಸೀಮೆ ಅದು. ಅಂಥ ಕೆರೆಗೆ ನೀರು ಬಂದಿದೆ. ಊರಿನವರು ಗಂಗೆಪೂಜೆ ಮಾಡಿದ್ದರು. ಅಮ್ಮನೂ ಅರಿಶಿನ ಕುಂಕುಮ ಹಾಕಿ ಬಂದಿದ್ದರು. ಅದನ್ನೆಲ್ಲ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದರು: "ಇದು ನೀವು ಅಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆದು ಬಿಟ್ಟ ನೀರಂತೆ, ಹೌದಾ? ಕೈ ಮುಗಿದೆ. ಆದರೆ ಕಾಲು ತೊಳೆಯೋಕೆ ಮನಸ್ಸು ಬರಲಿಲ್ಲ."

ನಾನು ಆಗ ಇದ್ದದ್ದು, ಈಗಲೂ ಇರುವುದು, ಬೆಳ್ಳಂದೂರು ಕೆರೆಯ ಹತ್ತಿರ. ಅಮ್ಮನಿಗೆ ಏನು ಉತ್ತರ ಕೊಟ್ಟೆ ಅಂತ ನೆನಪಿಲ್ಲ. ಹೌದು ಅಂದಿರಬೇಕು.

ಬೆಳ್ಳಂದೂರು ಕೆರೆಯ ಕಥೆ ನಿಮಗೆಲ್ಲ ಗೊತ್ತು. ಸುಮಾರು 900 ಎಕರೆ, ಬೆಂಗಳೂರಿನ ಅತಿ ದೊಡ್ಡ ಕೆರೆ. 2015ರ ಬೇಸಿಗೆಯಲ್ಲಿ ಯಮಲೂರಿನ ಕೋಡಿಯ, ಅಂದರೆ ತುಂಬಿದ ಕೆರೆಯ ನೀರು ಹೊರಬೀಳುವ ಜಾಗದ, ಹತ್ತಿರ ನೊರೆ ಉಕ್ಕಿ ರಸ್ತೆಗೆ ಬಂತು. ಬೈಕಿನವರ ಮುಖಕ್ಕೆ ಹಾರಿತು. ಅದೇ ವರ್ಷ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರುವರಿಯಲ್ಲಿ ಮತ್ತೆ ಬೆಂಕಿ. 2018ರ ಜನವರಿ 19ಕ್ಕೆ ಹತ್ತಿಕೊಂಡಿದ್ದು ಎಲ್ಲಕ್ಕಿಂತ ದೊಡ್ಡದು. ಸೇನೆಯ ಸಾವಿರಾರು ಜವಾನರು ಇಳಿದು ಆರಿಸಬೇಕಾಯಿತು. ಆರುವಷ್ಟರಲ್ಲಿ ಒಂದು ದಿನದ ಮೇಲಾಗಿತ್ತು. ಮಾರನೇ ಬೆಳಿಗ್ಗೆ ಬಾಲ್ಕನಿಯ ತುಳಸಿ ಗಿಡದ ಮೇಲೆ ಬೂದಿ ಕೂತಿತ್ತು. ಒದ್ದೆ ಬಟ್ಟೆ ತಗೊಂಡು ಒಂದೊಂದೇ ಎಲೆ ಒರೆಸಿದೆ. ನೀರಿನಿಂದ ಬಂದ ಬೂದಿ.

ನೀರಿಗೆ ಬೆಂಕಿ ಹತ್ತುವುದು ಪವಾಡ ಅಲ್ಲ. ಕೊಳಚೆ ಸೇರಿ ಸೇರಿ ನೀರಿನಲ್ಲಿ ಗಾಳಿಯ ಅಂಶ ಮುಗಿದುಹೋಗುತ್ತದೆ. ತಳದ ಹೂಳು ಗಾಳಿಯಿಲ್ಲದೆ ಕೊಳೆಯುತ್ತದೆ. ಮೀಥೇನ್ ಏಳುತ್ತದೆ. ಮೇಲೆ ಕಳೆ ಹಾಸಿಕೊಂಡು, ಒಣಗಿ, ಸೌದೆಯ ಹಾಗೆ ಕಾಯುತ್ತಿರುತ್ತದೆ. ಅದರ ಮೇಲೆ ಜನ ಕಸ ಸುರಿದು ಕಡ್ಡಿ ಗೀರುತ್ತಾರೆ. ನೊರೆಯದು ಇನ್ನೊಂದು ಕಥೆ. ನಾವು ಬಟ್ಟೆಗೆ, ಪಾತ್ರೆಗೆ ಹಾಕುವ ಸೋಪಿನ ಪುಡಿಯಲ್ಲಿ ನೊರೆ ಬರಿಸುವ ಅಂಶ ಇರುತ್ತದಲ್ಲ, ಅದು ಗಾಳಿ ಇಲ್ಲದ ನೀರಿನಲ್ಲಿ ಕರಗಿ ಮುಗಿಯುವುದಿಲ್ಲ. ಹೂಳಿಗೆ ಅಂಟಿಕೊಂಡು ಕೂರುತ್ತದೆ. ಮಳೆ ಬಂದು ಹೂಳು ಕಲಕಿದಾಗ ಎಲ್ಲ ಎದ್ದು ಕೋಡಿಗೆ ಬರುತ್ತದೆ. ಎತ್ತರದಿಂದ ಬಿದ್ದ ಕೂಡಲೇ ನೊರೆ. ಹಿಂದಿನ ತಿಂಗಳುಗಳ ನಮ್ಮ ಒಗೆತವೆಲ್ಲ ಒಂದು ಮಳೆಗೆ ಎದ್ದು ಬರುತ್ತದೆ. ಜೊತೆಗೆ ಸೋಪಿನ ಪುಡಿಯ ಫಾಸ್ಫೇಟ್ ಕಳೆಗೆ ಗೊಬ್ಬರವಾಗುತ್ತದೆ.

ಇದು ಯಾಕೆ ಹೀಗಾಯಿತು ಅಂತ ಯೋಚಿಸುವಾಗ ಕೆರೆ ಕಟ್ಟಿದವರ ಲೆಕ್ಕ ಮೊದಲು ತಿಳಿಯಬೇಕು. ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ದಿಬ್ಬ, ತಗ್ಗು, ದಿಬ್ಬ, ತಗ್ಗು. ಹಳಬರು ತಗ್ಗಿಗೆಲ್ಲ ಏರಿ ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಇದು ಮಳೆ ನೀರಿನ ಲೆಕ್ಕ. ಮಳೆಗಾಲದಲ್ಲಿ ತುಂಬಬೇಕು, ಬೇಸಿಗೆಯಲ್ಲಿ ಇಳಿಯಬೇಕು. ಇಳಿದಾಗ ಹೂಳು ತೆಗೆದು ಹೊಲಕ್ಕೆ ಹೊಡೆಯಬೇಕು. ಬೇಸಿಗೆಯಲ್ಲಿ ಒಣಗುವುದು ಕೆರೆಯ ಆರೋಗ್ಯ. ನಮ್ಮೂರಲ್ಲಿ ಅದನ್ನು ಯಾರೂ ಸಂಕಟ ಅಂದುಕೊಂಡಿರಲಿಲ್ಲ. ಮಳೆಗಾಲದಲ್ಲೂ ಒಣಗಿದಾಗ ಸಂಕಟ ಶುರುವಾಯಿತು.

ಆ ಲೆಕ್ಕ ಬೆಂಗಳೂರಿನಲ್ಲಿ ತಪ್ಪಿಸಿದ್ದು ಕಾವೇರಿ. ಕಾವೇರಿಯದ್ದು ತಪ್ಪಲ್ಲ, ತಂದವರದ್ದು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ನೀರು ತರುತ್ತೇವೆ. ನಾಲ್ಕು ಹಂತ ಸೇರಿ ದಿನಕ್ಕೆ 145 ಕೋಟಿ ಲೀಟರ್ ಆಸುಪಾಸು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ ಇನ್ನೂ 77.5 ಕೋಟಿ ಲೀಟರಿಗೆ ದಾರಿಯಾಯಿತು. ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬರುತ್ತದೆ ಅಂತ ಎಂಜಿನಿಯರುಗಳ ಲೆಕ್ಕ. ಅದಕ್ಕೆ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಸೇರಿಸಿ. ತರುವುದಕ್ಕೆ ಹಂತ ಹಂತವಾಗಿ ಯೋಜನೆ ಆಯಿತು. ಬಿಡುವುದಕ್ಕೆ ಆ ವೇಗದಲ್ಲಿ ಏನೂ ಆಗಲಿಲ್ಲ. 2007ರಲ್ಲಿ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿದರು. ಬೆಳ್ಳಂದೂರೂ ಅದರಲ್ಲಿ ಒಂದು. ಮನೆಗಳು, ಆಫೀಸುಗಳು ಬಂದವು. ಒಳಚರಂಡಿ ವರ್ಷಗಟ್ಟಲೆ ಬರಲಿಲ್ಲ. ನೀರಿಗೆ ಗೊತ್ತಿದ್ದದ್ದು ಹಳೆಯ ದಾರಿ ಒಂದೇ, ರಾಜಕಾಲುವೆ. ಹಾಗಾಗಿ ಬೆಳ್ಳಂದೂರು ಕೆರೆ ಬೇಸಿಗೆಯಲ್ಲಿ ಒಣಗುವುದನ್ನೇ ಮರೆಯಿತು. ವರ್ಷವಿಡೀ ತುಂಬಿರುವ ಕೆರೆ ನೋಡಿ ನನಗೆ ಮೊದಮೊದಲು ಖುಷಿಯಾಗಿತ್ತು. ಬಯಲುಸೀಮೆಯವಳು ನಾನು. ನೀರು ಕಂಡರೆ ಸಾಕು.

ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು. ಅಲ್ಲಿ ಕರಗದ ವಿಧಿಗೆ ಅಂತ ಒಂದು ಚೌಕದ ಹೊಂಡ ಮಾತ್ರ ಉಳಿದಿದೆ. ಇವು ಹೋದವು. ಬೆಳ್ಳಂದೂರು ಹೋಗಲಿಲ್ಲ, ಬದುಕಿಕೊಂಡೇ ಕೊಳೆಯಿತು. ಹೋದ ಕೆರೆಗೆ ಯಾರೂ ಏನೂ ಮಾಡುವ ಹಾಗಿಲ್ಲ. ಇರುವುದಕ್ಕೆ ಮಾಡಬಹುದು ಅಂತ ಬೆಂಕಿಯ ನಂತರ ನಾವು ಕೆಲವರು ಸೇರಿದೆವು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಭಾನುವಾರ ಬೆಳಿಗ್ಗೆ ಗ್ಲೌಸ್ ಹಾಕಿಕೊಂಡು, ಗೋಣಿಚೀಲ ಹಿಡಿದು, ನಮ್ಮ ಬೀದಿಯ ಹಿಂದಿನ ರಾಜಕಾಲುವೆಯ ದಡದಲ್ಲಿ ಪ್ಲಾಸ್ಟಿಕ್ ಆರಿಸಿದೆವು. ಹಾಲಿನ ಕವರು, ಥರ್ಮಾಕೋಲ್, ಚಪ್ಪಲಿ, ಒಡೆದ ದೇವರ ಪಟ. ಫೋಟೊ ತೆಗೆದೆವು. ಮಕ್ಕಳು ಬಣ್ಣದ ಪೋಸ್ಟರ್ ಬರೆದು ತಂದಿದ್ದರು. ಮುಂದಿನ ಭಾನುವಾರ ಹೋದರೆ ಅಷ್ಟೇ ಕಸ. ಅದರ ಮುಂದಿನ ಭಾನುವಾರ ಜನ ಅರ್ಧವಾದರು. ಪ್ಲಾಸ್ಟಿಕ್ ಆರಿಸುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಆ ಬೆಳಿಗ್ಗೆಗಳಿಂದಲೇ ನಾವು ಒಬ್ಬರಿಗೊಬ್ಬರು ಪರಿಚಯವಾದದ್ದು. ಆದರೆ ವಾಸನೆ ಇದ್ದ ಹಾಗೇ ಇತ್ತು.

ಅಲ್ಲಿ ಒಬ್ಬರು ಅಜ್ಜಿ ದಿನಾ ಹುಲ್ಲು ಕೊಯ್ಯಲು ಬರುತ್ತಿದ್ದರು. ಹಳೇ ಊರಿನವರು. ಮನೆಯಲ್ಲಿ ಎರಡು ಹಸು. ಕೆರೆಯಂಚಿನ ಹುಲ್ಲು, ಜೊಂಡು ಅವುಗಳಿಗೆ ಮೇವು. ನಾಲ್ಕು ಭಾನುವಾರ ನಮ್ಮನ್ನು ನೋಡಿದರು, ಮಾತಾಡಲಿಲ್ಲ. ಐದನೇ ವಾರ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಇಲ್ಲಿ ಬಾಚಿದ್ರೆ ಏನು ಬಂತು? ಬಾಯಿ ಅಲ್ಲಿದೆ, ಬನ್ನಿ" ಅಂದರು.

ಅವರ ಹಿಂದೆ ಹೋದೆವು. ಕಾಲುವೆಯ ಬದಿಯಲ್ಲಿ ಸುಮಾರು ಅರ್ಧ ಗಂಟೆ. ಗೋಡೆಗಳ ಹಿಂದೆ, ಗುಜರಿ ಅಂಗಡಿಯ ಪಕ್ಕ, ಒಂದು ಕಡೆ ತಂತಿಬೇಲಿ ಎತ್ತಿ ಹಿಡಿದು ನುಸುಳಿ. ಅವರು ಒಂದೊಂದು ಪೈಪಿನ ಹತ್ತಿರ ನಿಂತು ಹೇಳುತ್ತಾ ಹೋದರು. ಇದು ಮಳೆ ನೀರಿನದು. ಇದು ಬಟ್ಟೆಗೆ ಬಣ್ಣ ಹಾಕೋರದು, ಒಂದೊಂದು ದಿನ ನೀಲಿ, ಒಂದೊಂದು ದಿನ ಕೆಂಪು. ಇದು ರಾತ್ರಿ ಮಾತ್ರ ಬಿಡ್ತಾರೆ, ಹಗಲು ಒಣಗಿರುತ್ತೆ. ಇಲ್ಲಿ ಟ್ಯಾಂಕರ್ ಬಂದು ಸುರಿದು ಹೋಗುತ್ತೆ. ಓದು ಬರಹ ಬಾರದ ಅವರ ತಲೆಯಲ್ಲಿ ಆ ಕಾಲುವೆಯ ಪೂರ್ತಿ ನಕ್ಷೆ ಇತ್ತು. ಅಂಥ ನಕ್ಷೆ ಬೇಕು ಅಂತ ನಾವು ಕಚೇರಿಯಿಂದ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದಿದ್ದೆವು.

ರಾತ್ರಿ ಮಾತ್ರ ಬಿಡುವ ಪೈಪಿನ ಹತ್ತಿರ ನಿಂತಾಗ ಮೇಲೆ ನೋಡಿದೆ. ನಮ್ಮದೇ ಅಪಾರ್ಟ್‌ಮೆಂಟಿನ ಹಿಂದಿನ ಗೋಡೆ. ಮೂರನೇ ಮಹಡಿಯಲ್ಲಿ ನಾನು ಒಣಗಲು ಹಾಕಿದ್ದ ಹಸಿರು ಬೆಡ್‌ಶೀಟ್ ಕಾಣುತ್ತಿತ್ತು.

ಇಷ್ಟು ದೊಡ್ಡ ಅಪಾರ್ಟ್‌ಮೆಂಟಿಗೆ ಸ್ವಂತ ಶುದ್ಧೀಕರಣ ಘಟಕ ಇರಲೇಬೇಕು. ನಮ್ಮಲ್ಲೂ ಇತ್ತು, ಬೇಸ್‌ಮೆಂಟಿನ ಮೂಲೆಯಲ್ಲಿ. ಅಲ್ಲಿಗೆ ನಾನು ಅಷ್ಟು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ. ಅವತ್ತು ಸಂಜೆ ಹೋದೆ. ನೋಡಿಕೊಳ್ಳುವ ಹುಡುಗ ದೂರದ ಊರಿನವನು. ಪಾಪ, ನಾನು ಕೇಳಿದ್ದಕ್ಕೆಲ್ಲ ಹೇಳಿದ. ಕೊಳಚೆಯನ್ನು ತಿಂದು ಮುಗಿಸುವುದು ಸೂಕ್ಷ್ಮಜೀವಿಗಳು. ಅವುಗಳಿಗೆ ಉಸಿರಾಡಲು ಗಾಳಿ ಬೇಕು. ಗಾಳಿ ಊದುವ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ಅದು ಓಡಿದರೆ ಸದ್ದು. ಕೆಳಗಿನ ಮನೆಯವರು ನಿದ್ದೆ ಬರಲ್ಲ ಅಂತ ದೂರು ಕೊಟ್ಟರು. ಕರೆಂಟ್ ಬಿಲ್ಲೂ ಜಾಸ್ತಿ. ಹಾಗಾಗಿ ರಾತ್ರಿ ನಿಲ್ಲಿಸಲು ಹೇಳಿದರು. ನಿಲ್ಲಿಸಿದರೆ ಜೀವಿಗಳು ಸಾಯುತ್ತವೆ, ನಾರುತ್ತದೆ. ನಾರಿದರೆ ಮತ್ತೆ ದೂರು. ಕೊನೆಗೆ ತೊಟ್ಟಿ ತುಂಬಿದಾಗ ರಾತ್ರಿ ಹೊರಗೆ ಬಿಡುವುದು. "ನಂಗೆ ಹೇಳಿದ್ದು ಇಷ್ಟೇ ಮೇಡಂ" ಅಂದ.

ಅವನ ಮೇಲೆ ಕೋಪ ಬರಲಿಲ್ಲ. ಮನೆಗೆ ಬಂದು ಕೈ ತೊಳೆಯಲು ನಲ್ಲಿ ತಿರುಗಿಸಿದೆ. ನೀರು ಸಿಂಕಿನ ತೂತಿನಲ್ಲಿ ಇಳಿದು ಹೋಗುವುದನ್ನೇ ನೋಡಿದೆ. ಆ ತೂತಿನ ಆಚೆ ಏನಿದೆ ಅಂತ ಅವತ್ತಿನ ತನಕ ನನಗೆ ಗೊತ್ತೇ ಇರಲಿಲ್ಲ. ಬೆಳಗಾದರೆ ಕೆರೆ ಉಳಿಸಿ ಅಂತ ಫಲಕ ಹಿಡಿಯುತ್ತಿದ್ದವಳು ನಾನು.

ಅಪಾರ್ಟ್‌ಮೆಂಟಿನ ಸಭೆಯಲ್ಲಿ ಇದನ್ನು ಎತ್ತಿದಾಗ ಆದದ್ದು ನನಗೆ ಇನ್ನೂ ನೋವು ಕೊಡುತ್ತದೆ. ಯಾರೂ ಸುಳ್ಳು ಅನ್ನಲಿಲ್ಲ. ಹೊರಗೆ ಹೇಳಬೇಡಿ ಅಂದರು. ಫ್ಲಾಟಿನ ಬೆಲೆ ಬೀಳುತ್ತದೆ ಅಂದರು. ಸುತ್ತಮುತ್ತ ಎಲ್ಲರೂ ಮಾಡುವುದೇ ತಾನೆ, ನಾವೊಬ್ಬರು ಸರಿ ಹೋದರೆ ಕೆರೆ ಸರಿ ಹೋಗುತ್ತಾ ಅಂದರು. ಇದೇ ಜನ ಬೆಂಕಿ ಬಿದ್ದಾಗ ನನ್ನ ಜೊತೆ ಮೋಂಬತ್ತಿ ಹಿಡಿದಿದ್ದರು. ಅವರ ಮಕ್ಕಳು ಕೆಮ್ಮುತ್ತಿದ್ದಾಗ ಅತ್ತಿದ್ದರು. ಕೆಟ್ಟವರಲ್ಲ. ಕೆರೆ ಹಾಳು ಮಾಡಿದವರು ಬೇರೆ ಯಾರೋ, ಕಾಪಾಡಬೇಕಾದವರು ಬೇರೆ ಯಾರೋ ಅಂತ ನಾವೆಲ್ಲ ನಂಬಿಕೊಂಡಿದ್ದೆವು. ಸುಮಾರು ಎರಡು ವರ್ಷ ಹಿಡಿಯಿತು. ಸದ್ದು ಕಡಿಮೆ ಮಾಡುವ ಬ್ಲೋವರ್, ಹೊಸ ಫಿಲ್ಟರ್, ಶುದ್ಧವಾದ ನೀರನ್ನು ಟಾಯ್ಲೆಟ್ಟಿಗೂ ಗಿಡಕ್ಕೂ ಬಳಸಲು ಬೇರೆ ಪೈಪು. ಪ್ರತಿ ಮನೆಗೆ ತಿಂಗಳಿಗೆ 200 ರೂಪಾಯಿ ಜಾಸ್ತಿ. ಅಷ್ಟೇ ಖರ್ಚು. ಆ ಎರಡು ವರ್ಷದಲ್ಲಿ ನನ್ನ ಜೊತೆ ಮಾತು ಬಿಟ್ಟ ಇಬ್ಬರು ಇನ್ನೂ ಮಾತಾಡುವುದಿಲ್ಲ.

ಹೋರಾಟ ಅಂದಾಗ ಜನ ಕೋರ್ಟು, ಮೆರವಣಿಗೆ ನೆನೆಸಿಕೊಳ್ಳುತ್ತಾರೆ. ಅದೂ ಬೇಕು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಅನ್ನುವ ಸಂಸ್ಥೆ ಕೆರೆಗಳನ್ನು ಖಾಸಗಿಯವರಿಗೆ ಕೊಡುವುದರ ವಿರುದ್ಧ ಹೈಕೋರ್ಟಿಗೆ ಹೋಗದಿದ್ದರೆ, ಕೆರೆಗಳನ್ನು ಉಳಿಸುವ ಬಗ್ಗೆ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿಯೂ ಇಲ್ಲ, 2012ರ ತೀರ್ಪೂ ಇಲ್ಲ. ಇವತ್ತು ಎಷ್ಟೋ ಕೆರೆಯ ದಡಕ್ಕೆ ಟಿಕೆಟ್ ಇರುತ್ತಿತ್ತೋ ಏನೋ. ಬೆಳ್ಳಂದೂರಿನ 2017ರ ಬೆಂಕಿಯ ನಂತರ ಹಸಿರು ನ್ಯಾಯಮಂಡಳಿ ತಾನಾಗಿಯೇ ಕೇಸು ಎತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಕೆರೆಗಳ ಕೆಲಸಕ್ಕೆ 500 ಕೋಟಿ ಎತ್ತಿಡಲು ಹೇಳಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಮೇಲ್ವಿಚಾರಣೆಯಲ್ಲಿ ಸಮಿತಿ ಮಾಡಿತು. ಆಮೇಲೆಯೇ ಕೊಳಚೆಯನ್ನು ಬದಿಗೆ ತಿರುಗಿಸಿ, ಕೆರೆ ಬರಿದು ಮಾಡಿ, ಹೂಳೆತ್ತುವ ಕೆಲಸ ಶುರುವಾಗಿದ್ದು. ಗಡುವು ಒಂದಾದ ಮೇಲೆ ಒಂದು ದಾಟಿತು. ಆದರೂ ಲಾರಿಗಳು ಹೂಳು ಹೊತ್ತು ಹೋಗುವುದನ್ನು ನೋಡಿ ನಾನು ರಸ್ತೆ ಬದಿಯಲ್ಲಿ ನಿಂತು ಅತ್ತಿದ್ದೇನೆ.

ಆದೇಶ ಬಂದರೂ ಕಳೆದುಹೋಗಬಹುದು. ಕೆರೆಯಂಚಿನಿಂದ 75 ಮೀಟರ್ ಜಾಗ ಖಾಲಿ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅವತ್ತು ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಮುಂದಿನ ಭಾನುವಾರ ಕಾಲುವೆಯ ಹತ್ತಿರ ಬಂದವರು ಮೂರೇ ಜನ.

ನನಗೆ ಧೈರ್ಯ ಕೊಟ್ಟಿದ್ದು ಬೇರೆ ಕೆರೆಗಳು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, 48 ಎಕರೆ. 2008–09ರ ಹೊತ್ತಿಗೆ ಅದೂ ಹಾಳಾಗಿತ್ತು. ಸುತ್ತಲಿನ ಜನ, ಪರಿಸರ ತಿಳಿದವರು, ಪಾಲಿಕೆಯ ಎಂಜಿನಿಯರುಗಳು ಒಟ್ಟಿಗೆ ಕೂತು ನಕ್ಷೆ ಹಾಕಿದರು. ಈಗ ಅಲ್ಲಿ ಹೆಜ್ಜಾರ್ಲೆ ಹಕ್ಕಿಗಳು ಕೂರುತ್ತವೆ. ಪುಟ್ಟೇನಹಳ್ಳಿಯ ಪುಟ್ಟಕೆರೆಯದು ಇನ್ನೊಂದು ಥರದ ಕಷ್ಟ. ಅಲ್ಲಿ ಕೊಳಚೆಯನ್ನು ತಡೆದ ಮೇಲೆ ಕೆರೆಗೆ ನೀರೇ ಇಲ್ಲ. ಮಳೆ ಬರುವ ದಾರಿಯೂ ಕಟ್ಟಡಗಳ ಕೆಳಗೆ ಹೋಗಿತ್ತು. 2010ರಿಂದ ಅಲ್ಲಿಯ ನಿವಾಸಿಗಳು, ಅದರಲ್ಲೂ ಹೆಂಗಸರು, ಒಂದೊಂದು ಚರಂಡಿಯ ಮಳೆ ನೀರನ್ನು ಹುಡುಕಿ ಹುಡುಕಿ ಕೆರೆಗೆ ತಿರುಗಿಸಿದರು. ಹತ್ತಿರದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನೂ ತರಿಸಿದರು. ಯಾವ ನೀರು ಬೇಡ ಅನ್ನುವುದರ ಜೊತೆಗೆ ಯಾವ ನೀರು ಬೇಕು ಅಂತಲೂ ಕೇಳಿಕೊಂಡರು. ಜಕ್ಕೂರು ಕೆರೆಗೆ ಹೋಗಿ ನೋಡಿ ಬನ್ನಿ. ಮೇಲೆ ಒಂದು ಶುದ್ಧೀಕರಣ ಘಟಕ. ಅಲ್ಲಿಂದ ಹೊರಟ ನೀರು ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಸಾಗಿ, ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರುತ್ತದೆ. ಜೊಂಡಿನ ಬೇರು ಸಾರಜನಕವನ್ನೂ ಫಾಸ್ಫೇಟನ್ನೂ ಹೀರಿಕೊಳ್ಳುತ್ತದೆ. ಕೊಳಚೆ ನೀರು ಕೆರೆಗೆ ಶತ್ರುವೇ ಆಗಿರಬೇಕಿಲ್ಲ ಅಂತ ನಾನು ಕಣ್ಣಾರೆ ಕಂಡಿದ್ದು ಅಲ್ಲಿ. ಅಲ್ಲಿ ಮೀನು ಹಿಡಿಯುವವರೂ ಇದ್ದಾರೆ.

ಮೀನು ಹಿಡಿಯುವವರ ಮಾತು ಬಂತಲ್ಲ, ಅದನ್ನು ಸ್ವಲ್ಪ ಹೇಳಬೇಕು. ಕೆರೆ ಅಭಿವೃದ್ಧಿ ಅಂದ ಕೂಡಲೇ ನಮ್ಮಲ್ಲಿ ಬೇಲಿ, ಗೇಟು, ವಾಕಿಂಗ್ ಪಥ, ಬೆಂಚು. ಬೆಳಿಗ್ಗೆ 5ರಿಂದ 9, ಸಂಜೆ 4ರಿಂದ 7. ಒಂದು ಸಭೆಯಲ್ಲಿ ಒಬ್ಬರು ದಡಕ್ಕೆ ದನ ಬರುವುದನ್ನು ನಿಲ್ಲಿಸಬೇಕು ಅಂದರು. ಸಗಣಿ ಗಲೀಜು ಅಂತ ಅವರ ತಕರಾರು. ನನಗೆ ತಡೆಯಲಾಗಲಿಲ್ಲ. ದಿನಕ್ಕೆ ಕೋಟಿಗಟ್ಟಲೆ ಲೀಟರ್ ಕೊಳಚೆ ಕುಡಿದ ಕೆರೆಗೆ ಎರಡು ಹಸುವಿನ ಸಗಣಿ ಹೆಚ್ಚಾಯಿತಾ ಅಂತ ಕೇಳಿದೆ. ನಮಗೆ ಪೈಪು ತೋರಿಸಿದ್ದೇ ಹುಲ್ಲು ಕೊಯ್ಯುವ ಅಜ್ಜಿ. ಅವರನ್ನು ಬೇಲಿಯ ಆಚೆ ನಿಲ್ಲಿಸಿದರೆ ನಾಳೆ ಹೊಸ ಪೈಪು ಬಂದಾಗ ಹೇಳುವವರು ಯಾರು? ದಿನಾ ದಡಕ್ಕೆ ಬರಲು ಒಂದು ಕಾರಣ ಇರುವ ಜನ ಇದ್ದರೆ ಕೆರೆಗೆ ಕಣ್ಣು ಇರುತ್ತದೆ. ವಾಕಿಂಗ್ ಮಾಡುವವರೂ ಬರಲಿ, ನಾನೂ ಮಾಡುತ್ತೇನೆ. ಆದರೆ ನಾವು ಕಿವಿಗೆ ಹಾಡು ಸಿಕ್ಕಿಸಿಕೊಂಡು ಸುತ್ತು ಹಾಕುವವರು. ಹುಲ್ಲು ಕೊಯ್ಯುವವರು ಬಗ್ಗಿ ನೀರು ನೋಡುತ್ತಾರೆ.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಅದು ನನ್ನ ತಲೆಯಿಂದ ಹೋಗಿರಲಿಲ್ಲ. ನೀರು ಎಲ್ಲಿಂದ ಎಲ್ಲಿಗೆ ಅಂತ ಹುಡುಕುತ್ತಾ ಹೋದೆ. ಬೆಳ್ಳಂದೂರಿನಿಂದ ಎರಡು ದಾರಿ. ಒಂದು ಹಳೆಯದು. ಬೆಳ್ಳಂದೂರಿನ ಕೋಡಿಯಿಂದ ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ, ಅಲ್ಲಿಂದ ತಮಿಳುನಾಡು. ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಎದ್ದ ಸುದ್ದಿ ಆಗಾಗ ಓದುತ್ತೀರಲ್ಲ, ಅದು ನಮ್ಮ ಕಡೆಯದೇ. ಇನ್ನೊಂದು ಹೊಸ ದಾರಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಿಂದ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಪಂಪ್ ಮಾಡಿ ಕೋಲಾರಕ್ಕೆ ಕಳಿಸುವ ಯೋಜನೆ. ಜನ ಕೆ.ಸಿ. ವ್ಯಾಲಿ ನೀರು ಅನ್ನುತ್ತಾರೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೋಡಿ ಹಿಡಿದು ಕೆರೆಯಿಂದ ಕೆರೆಗೆ, ನೂರಕ್ಕೂ ಹೆಚ್ಚು ಕೆರೆಗಳಿಗೆ. ಹಳಬರ ಅದೇ ಸರಪಳಿ. ಹರಿಯುವ ನೀರು ಮಾತ್ರ ಬೇರೆ.

ಆ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ಬೆಳ್ಳಂದೂರಿನ ನೊರೆ ಕೋಲಾರಕ್ಕೂ ಬಂತು ಅಂತ ನನ್ನ ಸೋದರಮಾವ ವಿಡಿಯೊ ಕಳಿಸಿದರು. ನಾನು ಮೀಟಿಂಗ್ ಮಧ್ಯದಲ್ಲಿ ಎದ್ದು ಹೊರಗೆ ಹೋದೆ.

ನೀರು ಬಂದಿದ್ದರಿಂದ ಒಳ್ಳೆಯದಾಗಿದೆ. ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಅಂತರ್ಜಲ ಏರಿದೆ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ. ನಮ್ಮ ಪಕ್ಕದ ಹೊಲದವರು ಮಾರಲು ಇಟ್ಟಿದ್ದ ಜಮೀನನ್ನು ಮಾರಲಿಲ್ಲ, ಟೊಮೆಟೊ ಹಾಕಿದರು. ಆದರೆ ಬರುತ್ತಿರುವುದು ಎರಡನೇ ಹಂತದವರೆಗೆ ಶುದ್ಧವಾದ ನೀರು. ಮೊದಲ ಹಂತದಲ್ಲಿ ಗಟ್ಟಿ ಕೊಳೆ ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕರಗಿದ ಕೊಳೆಯನ್ನು ತಿನ್ನುತ್ತವೆ. ಉಳಿದ ಫಾಸ್ಫೇಟ್, ಸಾರಜನಕ, ರೋಗಾಣು ತೆಗೆಯುವುದು ಮೂರನೇ ಹಂತ. ಆ ಮೂರನೇ ಹಂತ ಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ವರ್ಷಗಳಿಂದ ಕೇಳುತ್ತಿದ್ದಾರೆ, ಕೋರ್ಟಿಗೂ ಹೋದರು. ಇಂಗಿ ಕೆಳಗೆ ಹೋದ ನೀರೇ ಬೋರ್‌ವೆಲ್ ಮೂಲಕ ಮೇಲೆ ಬರುವುದು, ಅದನ್ನೇ ಊರಿನವರು ಕುಡಿಯುವುದು. ಅವರು ಕೇಳುತ್ತಿರುವುದು ನ್ಯಾಯ.

ಬೆಂಗಳೂರಿನ ನಮ್ಮ ಸಭೆಗಳಲ್ಲಿ ಈ ಮಾತು ಬರುತ್ತಲೇ ಇರಲಿಲ್ಲ. ಕೊಳಚೆ ಕೆರೆಗೆ ಬೀಳಬಾರದು, ಪೈಪಿನಲ್ಲಿ ಘಟಕಕ್ಕೆ ಹೋಗಬೇಕು. ಅಲ್ಲಿಗೆ ನಮ್ಮ ಬೇಡಿಕೆ ಮುಗಿಯುತ್ತಿತ್ತು. ಒಂದು ದಿನ ಒಬ್ಬ ಗೆಳೆಯ ಖುಷಿಯಿಂದ ಹೇಳಿದ, "ಎಲ್ಲ ಡೈವರ್ಟ್ ಮಾಡಿ ಆಚೆ ಕಳಿಸಿದ್ರೆ ಮುಗೀತು, ನಮ್ಮ ಕೆರೆ ಕ್ಲೀನ್." ಆಚೆ ಅಂದರೆ ನಮ್ಮಮ್ಮನ ಮನೆ ಅಂತ ನಾನು ಅಂದೆ. ಗಲಾಟೆಗೆ ಹೇಳಿದ್ದಲ್ಲ. ಮೆಲ್ಲಗೇ ಹೇಳಿದೆ. ಅವನು ನನ್ನ ಮುಖ ನೋಡಿದ. ಆಮೇಲೆ ಕಾಲು ತೊಳೆಯಲು ಮನಸ್ಸು ಬರದ ಕಥೆ ಹೇಳಿದೆ. ಘಟಕಕ್ಕೆ ಹೋದ ಕೊಳಚೆ ಜಾಸ್ತಿಯಾದಷ್ಟೂ ಕೋಲಾರಕ್ಕೆ ಹೋಗುವ ನೀರು ಜಾಸ್ತಿ. ಬೆಳ್ಳಂದೂರು ತಿಳಿಯಾಗುವುದು ಮತ್ತು ನಮ್ಮೂರಿನ ಕೆರೆ ತಿಳಿಯಾಗುವುದು ಎರಡೂ ಒಂದೇ ಹೋರಾಟ ಆಗಬೇಕು. ನಾವು ನಮ್ಮ ದಡ ಉಳಿಸಿಕೊಂಡು ಕೋಡಿಯ ಕೆಳಗಿನವರಿಗೆ ಕಳಿಸುವುದಾದರೆ ಆ ದಡದಲ್ಲಿ ನಡೆಯಲು ನನಗೆ ಕಾಲು ಬರುವುದಿಲ್ಲ. ಆ ವಾರದ ಅರ್ಜಿಯಲ್ಲಿ ಮೂರನೇ ಹಂತದ ಶುದ್ಧೀಕರಣ ಅನ್ನುವ ಸಾಲು ಮೊದಲ ಬಾರಿಗೆ ಸೇರಿತು. ಬರೆದದ್ದು ಅದೇ ಗೆಳೆಯ.

ಈಗ ನಾವು ಮಾಡುವುದು ಚಿಕ್ಕ ಕೆಲಸ. ಭಾನುವಾರ ಬೆಳಿಗ್ಗೆ ರಾಜಕಾಲುವೆಯ ಐದು ಜಾಗದಲ್ಲಿ ನಿಲ್ಲುತ್ತೇವೆ. ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಬಣ್ಣ, ವಾಸನೆ, ನೊರೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಫೋಟೊ, ಹೊತ್ತು, ದಿನ. ಹಿಂದಿನ ವಾರ ಇಲ್ಲದ ಪೈಪು ಬಂದಿದೆಯಾ ನೋಡುತ್ತೇವೆ. ತಿಂಗಳಿಗೊಮ್ಮೆ ಅದನ್ನೆಲ್ಲ ಕಚೇರಿಗೆ ಕೊಟ್ಟು ಸ್ವೀಕೃತಿ ತರುತ್ತೇವೆ. ಉತ್ತರ ಬರುವುದು ಕಡಿಮೆ. ಆದರೂ ನೋಟ್‌ಬುಕ್ ಇದೆ ಅಂತ ಗೊತ್ತಾದ ಮೇಲೆ ಬಣ್ಣದ ಪೈಪು ನಿಂತಿತು. ಟ್ಯಾಂಕರ್ ಇನ್ನೂ ಬರುತ್ತದೆ, ಬೇರೆ ಜಾಗಕ್ಕೆ. ಅಜ್ಜಿ ಹುಡುಕಿ ಹೇಳುತ್ತಾರೆ. ನನ್ನ ಅಡುಗೆಮನೆಯಲ್ಲಿ ಫಾಸ್ಫೇಟ್ ಇಲ್ಲದ ಸೋಪಿನ ಪುಡಿ ಬಂದಿದೆ. ಪಾತ್ರೆಗೆ ಅಂಟುವಾಳದ ನೀರು. ಒಬ್ಬರ ಮನೆಯಿಂದ ಏನಾಗುತ್ತದೆ ಅಂತ ಕೇಳುವವರಿಗೆ ನಾನು ಆ ಹಸಿರು ಬೆಡ್‌ಶೀಟಿನ ಕಥೆ ಹೇಳುತ್ತೇನೆ.

ಕಳೆದ ಸಲ ಅಮ್ಮ ಬಂದು ಒಂದು ತಿಂಗಳು ಇದ್ದರು. ಭಾನುವಾರ ನಾನು ಬಾಟಲಿ ತೆಗೆದುಕೊಂಡು ಹೊರಟಾಗ ಅವರೂ ಚಪ್ಪಲಿ ಮೆಟ್ಟಿಕೊಂಡರು. ಕಾಲುವೆಯ ಹತ್ತಿರ ಅಜ್ಜಿ ಇದ್ದರು. ಇಬ್ಬರೂ ಐದು ನಿಮಿಷದಲ್ಲಿ ತೆಲುಗಿಗೆ ಇಳಿದರು. ಹಸು ಎಷ್ಟು ಹಾಲು ಕೊಡುತ್ತೆ, ಹಿಂಡಿ ಏನು ಹಾಕ್ತೀರಿ, ಮಗ ನೋಡಿಕೊಳ್ತಾನಾ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಲ್ಲಿನ ಹೊರೆ ಎತ್ತಲು ಕೈ ಕೊಟ್ಟರು. ಆಮೇಲೆ ಕಾಲುವೆಯ ಅಂಚಿಗೆ ಬಂದು ನಿಂತು, ನಮ್ಮ ಅಪಾರ್ಟ್‌ಮೆಂಟಿನ ಪೈಪು ಯಾವುದು ಅಂತ ಕೇಳಿದರು. ತೋರಿಸಿದೆ. ಒಣಗಿತ್ತು. ಬಾಯಿಗೆ ಜೇಡ ಬಲೆ ಕಟ್ಟಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದರು.

ನಾನು ಕಾಲುವೆಯಿಂದ ಬಾಟಲಿ ತುಂಬಿಕೊಂಡೆ. ಬೆಳಕಿಗೆ ಹಿಡಿದೆ. ಹೋದ ವಾರಕ್ಕಿಂತ ತಿಳಿ ಇತ್ತು. ಹಾಗಂತ ಬರೆಯುತ್ತಿದ್ದಾಗ ಅಮ್ಮ ಬಾಟಲಿ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು.

"ಇನ್ನೂ ಇದೆ" ಅಂದರು. "ಬರ್ಕೋ."